ಚಳಿಗಾಲದ ನೀರು

ಮರಳುಕಾಗದ ಮೂರನೆಯ ಸಲ ಹರಿದಾಗ ನೀವಿಯಾಕ್ ಅದನ್ನು ಎಸೆದು ಹೊಸ ತುಂಡು ಕತ್ತರಿಸಿಕೊಂಡಳು. ಹಲಗೆಯ ಮೇಲಿನ ಕೆಂಪಕ್ಷರ ಅರ್ಧ ಮಾತ್ರ ಅಳಿಸಿತ್ತು. ‘ಹೆಪ್ಪುಗಟ್ಟದಂತೆ ನೋಡಿಕೊಳ್ಳಿ’ ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿದ ಪ್ಲೈವುಡ್ಡು. ನೀರು ತುಂಬಿ ಕಳಿಸಲೆಂದು ದಕ್ಷಿಣದಿಂದ ಖಾಲಿ ಬಾಟಲಿಗಳು ಬರುತ್ತಿದ್ದ ಪೆಟ್ಟಿಗೆಯದು. ಉತ್ತರ ಧ್ರುವದ ಅಂಚಿನ, ಮರ ಬೆಳೆಯದ ಈ ಊರಿನಲ್ಲಿ ಬೇರೆ ಹಲಗೆ ಇರಲಿಲ್ಲ. ಬೇಸಿಗೆಯ ಹಡಗು ಬರುವ ತನಕ ಸಿಗುವುದೂ ಇಲ್ಲ. ಅವಳ ಅಪ್ಪ ತುಲುಗಾಕನ ಶವಪೆಟ್ಟಿಗೆಯನ್ನು ದೊಡ್ಡಪ್ಪನ ಮಗ ಜೋಅಮಿ ಅದರಿಂದಲೇ ಮಾಡಿ ಮುಗಿಸಿದ್ದ. ಮುಚ್ಚಳ ಮಾತ್ರ ಉಳಿದಿತ್ತು.

“ಸಾಕು ಬಿಡು,” ಎಂದ ಜೋಅಮಿ, ಬಾಯಲ್ಲಿ ಮೊಳೆ ಕಚ್ಚಿಕೊಂಡೇ. “ಅಕ್ಷರ ಒಳಗಡೆ ಬರೋ ಹಾಗೆ ಬಡೀತೀನಿ. ಓದೋದಾದ್ರೆ ಚಿಕ್ಕಪ್ಪನೇ ಓದ್ಕೊಳ್ಲಿ.”

“ಅಪ್ಪಂಗೆ ಇಂಗ್ಲಿಷ್ ಬರ್ತಿರ್ಲಿಲ್ಲ, ಅಣ್ಣ.”

“ಇನ್ನೂ ಒಳ್ಳೇದಾಯ್ತಲ್ಲ.”

ಗ್ಯಾರೇಜಿನ ಬಾಗಿಲು ತೆರೆದುಕೊಂಡು ಬಿಳಿ ಹಬೆಯ ಜೊತೆ ಉಲಾಯು ಒಳಗೆ ಬಂದಳು. ಸತ್ತವನ ಅಕ್ಕ. ಒಂದು ಕೈಯಲ್ಲಿ ಚಹಾದ ಫ್ಲಾಸ್ಕು, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಕರಿದ ರೊಟ್ಟಿ.

“ಅವ್ವಾ, ಏನಾದ್ರೂ ತಿನ್ನು. ನಿನ್ನ ಬಾಟ್ಲಿಯವನು ಬಂದಿದಾನೆ. ಹೋಟ್ಲಲ್ಲಿ ಬಿಸಿನೀರು ಸುರ್ಕೋತಾ ಇದಾನಂತೆ.”

“ನನ್ನವನು ಯಾಕಾಗ್ತಾನೆ, ಮಗಳೇ?”

ನೀವಿಯಾಕ್ ಹುಟ್ಟುವ ಒಂದು ವಾರಕ್ಕೆ ಮುಂಚೆ ಸತ್ತ ಅಜ್ಜಿಯ, ಅಪ್ಪನ ಅವ್ವನ, ಹೆಸರು ಅವಳದು. ಹೆಸರು ಬಂದರೆ ಹೆಸರಿನವಳೂ ಬಂದ ಹಾಗೆ. ಆದ್ದರಿಂದ ಎಪ್ಪತ್ತು ದಾಟಿದ ಉಲಾಯುವಿಗೆ ಮೂವತ್ತನಾಲ್ಕರ ಈ ಸೋದರಸೊಸೆ ಅವ್ವ. ತುಲುಗಾಕನಿಗೂ ಮಗಳು ಅವ್ವನೇ ಆಗಿದ್ದಳು.

“ಚರ್ಚಲ್ಲಿ ನಾಲ್ಕು ಮಾತಾಡ್ತೀನಿ ಅಂತ ಪಾದ್ರಿ ಹತ್ರ ಹೇಳಿದಾನೆ,” ಎಂದಳು ಉಲಾಯು. “ನೀನೇ ನಮ್ಮ ಮಾತಲ್ಲಿ ಹೇಳ್ಬೇಕು.”

“ಬೇರೆ ಯಾರಾದ್ರೂ ಹೇಳ್ಲಿ.”

“ಬೇರೆ ಯಾರು? ಈ ಜೋಅಮಿನಾ? ಎರಡು ಮಾತಿಗೊಂದು ಬೈಗುಳ ಸೇರಿಸ್ತಾನೆ.”

“ಒಂದಕ್ಕೊಂದು,” ಎಂದ ಜೋಅಮಿ.

ಉಲಾಯು ನಗಲಿಲ್ಲ. ಮುಚ್ಚಳದ ಅಂಚಿನಲ್ಲಿ ಕುಳಿತಳು. “ಸರಿಯಾಗಿ ಹೇಳು, ಅವ್ವಾ. ಒಂದೂ ಬಿಡ್ಬೇಡ. ಇವನ ಹೆಂಡ್ತಿ ಸಿಯಾಸಿಗೆ ಮುಂದಿನ ತಿಂಗಳು ಹೆರಿಗೆ. ಗಂಡಾಗ್ಲಿ ಹೆಣ್ಣಾಗ್ಲಿ, ನನ್ನ ತಮ್ಮನ ಹೆಸ್ರೇ ಅದಕ್ಕೆ. ನೀನು ಮುಂಚೆ ಯಾರಾಗಿದ್ದೆ, ಏನು ಮಾಡ್ದೆ ಅಂತ ಹೇಳ್ತಾ ಬೆಳೆಸ್ಬೇಕಲ್ಲ. ಇವತ್ತು ಏನು ಕೇಳ್ತೀವೋ ಅದನ್ನೇ ಹೇಳೋದು.”

ನೀವಿಯಾಕ್ ಮತ್ತೆ ಉಜ್ಜತೊಡಗಿದಳು. ಅಕ್ಷರ ಹೋಗುತ್ತಿರಲಿಲ್ಲ. ಮರವೇ ಸವೆಯುತ್ತಿತ್ತು.

*

ಬಾಟಲಿಯವನು ಎಂದರೆ ಕೆಂಡ್ರಿಕ್, ದಕ್ಷಿಣದ ವಿಜ್ಞಾನಿ. ಅವನು ಮೊದಲು ಬಂದದ್ದು ಹನ್ನೆರಡು ವರ್ಷದ ಹಿಂದೆ, ಏಪ್ರಿಲ್ಲಿನ ಬಿಸಿಲಲ್ಲಿ. ಕೊಲ್ಲಿಯ ನಡುವೆ ಎರಡು ಮೀಟರ್ ದಪ್ಪದ ಮಂಜುಗಡ್ಡೆ ಕೊರೆದು, ಎರಡೂ ಬಾಯಿ ತೆರೆದ ಕೊಳವೆಯೊಂದನ್ನು ಹಗ್ಗದಲ್ಲಿ ಇಳಿಸಿದ. ಹಗ್ಗದ ಗುಂಟ ಸಣ್ಣ ಕಬ್ಬಿಣದ ತೂಕ ಜಾರಿಸಿದರೆ ಆಳದಲ್ಲಿ ಕೊಳವೆ ಟಪ್ಪೆಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮೇಲೆಳೆದ ನೀರನ್ನು ಗಾಜಿನ ಬಾಟಲಿಗೆ ತುಂಬಿ ಹರಿಯುವಷ್ಟು ಬಿಡಬೇಕು. ಒಂದು ಗುಳ್ಳೆಯೂ ಉಳಿಯಕೂಡದು. ಒಳಗಿನ ಜೀವವೆಲ್ಲ ಸಾಯಲೆಂದು ಒಂದು ತೊಟ್ಟು ವಿಷ, ಬಿರಡೆಗೆ ಗ್ರೀಸು. ದಕ್ಷಿಣದವರು ಬಿಟ್ಟ ಹೊಗೆಯನ್ನು ಈ ಸಮುದ್ರ ಎಷ್ಟು ನುಂಗಿದೆ, ನುಂಗಿ ಎಷ್ಟು ಹುಳಿಯಾಗಿದೆ ಎಂದು ಆ ನೀರು ಹೇಳುತ್ತದಂತೆ.

ತುಲುಗಾಕ್ ಒಂದೇ ಸಲಕ್ಕೆ ಕಲಿತ. ಕೆಂಡ್ರಿಕನ ಕೈ ನಡುಗುವಲ್ಲಿ ಅವನದು ನಡುಗಲಿಲ್ಲ. ಬೇಟೆಗಾಗಿ, ಸೀಲ್ ಪ್ರಾಣಿ ಉಸಿರಾಡಲು ಬರುವ ಮಂಜುಗಡ್ಡೆಯ ತೂತಿನೆದುರು ಅರ್ಧ ದಿನ ಅಲ್ಲಾಡದೆ ನಿಂತು ಬೆಳೆದವನು.

“ಚಳಿಗಾಲದ ನೀರು ಯಾರ ಹತ್ತಿರವೂ ಇಲ್ಲ,” ಎಂದಿದ್ದ ಕೆಂಡ್ರಿಕ್. “ಸೂರ್ಯ ಇಲ್ಲದ ತಿಂಗಳಲ್ಲಿ ಇಲ್ಲಿಗೆ ಯಾರು ಬರುತ್ತಾರೆ?”

“ನಾನು ಎಲ್ಲಿಗೂ ಹೋಗಿರೋದೇ ಇಲ್ವಲ್ಲ,” ಎಂದಿದ್ದ ತುಲುಗಾಕ್. ನೀವಿಯಾಕ್ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮೂವರೂ ನಕ್ಕಿದ್ದರು.

ಆ ಡಿಸೆಂಬರಿನಲ್ಲಿ ಮೊದಲ ಎರಡು ಬಾಟಲಿ ದಾರಿಯಲ್ಲೇ ಹೆಪ್ಪುಗಟ್ಟಿ ಒಡೆದವು. ಕೆಂಡ್ರಿಕ್ ಕೊಟ್ಟುಹೋದ ಥರ್ಮಾಕೋಲ್ ಪೆಟ್ಟಿಗೆ ಏಪ್ರಿಲ್ಲಿಗೆ ಸಾಕಾಗಿತ್ತು. ಮೈನಸ್ ನಲವತ್ತು ಡಿಗ್ರಿಯಲ್ಲಿ ಹಿಮದ ಗಾಡಿಯ ಹಿಂದೆ ಎರಡು ತಾಸು ಎಳೆಯುವುದಕ್ಕಲ್ಲ. ಫೋನಿನಲ್ಲಿ ಅವನ ದನಿ ಗಡುಸಾಗಿತ್ತು. ಒಂದೂ ಹೆಪ್ಪುಗಟ್ಟಬಾರದು.

ಮತ್ತೆ ಒಂದೂ ಹೆಪ್ಪುಗಟ್ಟಲಿಲ್ಲ. ತುಲುಗಾಕ್ ಬಾಟಲಿಗಳನ್ನು ಜಿಂಕೆಚರ್ಮದ ಒಳ ಅಂಗಿಯಲ್ಲಿ, ಬರಿ ಎದೆಗೆ ಒತ್ತಿಕೊಂಡು ತರತೊಡಗಿದ. ಬೇಟೆಗೆ ಹೋದಾಗ ಕುಡಿಯುವ ನೀರನ್ನು ಅವನ ಅಪ್ಪ ಹಾಗೆ ತರುತ್ತಿದ್ದ, ಅವನ ಅಜ್ಜನೂ. ಹೇಗೆ ತರುತ್ತೀಯ ಎಂದು ಯಾರೂ ಕೇಳಲಿಲ್ಲ. ಇದನ್ನು ಹೇಳಬೇಕೆಂದು ಅವನಿಗೂ ಹೊಳೆಯಲಿಲ್ಲ. ನೀರನ್ನು ಬೇರೆ ಹೇಗೆ ತರುತ್ತಾರೆ?

“ನನ್ನ ಕೈಲಿ ಆಮೇಲೆ ಒಂದೂ ಸತ್ತಿಲ್ಲ,” ಎಂದು ಊರಿನ ಅಂಗಡಿಯ ಮುಂದೆ ನಿಂತು ಹೇಳಿಕೊಳ್ಳುತ್ತಿದ್ದ.

*

ಆರು ವರ್ಷದ ಹಿಂದೆ ಕೆಂಡ್ರಿಕ್ ಊರಿನ ಕಚೇರಿಗೆ ಫೋನು ಮಾಡಿದ. ನೀವಿಯಾಕ್ ಅಲ್ಲಿ ಅನುವಾದಕಿ.

“ನಿಮ್ಮ ತಂದೆಯ ಚಳಿಗಾಲದ ಅಂಕಿಗಳು ವಿಚಿತ್ರವಾಗಿವೆ. ನೀರು ಎಲ್ಲೋ ಬಿಸಿಯಾಗಿ, ಬಿರಡೆ ಸಡಿಲಾಗಿ, ಒಳಗಿನ ಅನಿಲ ಹೋಗಿದೆ. ಅವರು ಹೇಗೆ ತರುತ್ತಾರೆ?”

ಅವಳು ಹೇಳಿದಳು.

“ಹಾಗಾದರೆ ಆರು ಚಳಿಗಾಲವೂ ಹೋಯಿತು. ಚೆಲ್ಲಬೇಕು, ಬೇರೆ ದಾರಿಯಿಲ್ಲ. ವಸಂತದ್ದನ್ನು ನಾವೇ ತೆಗೆಯುತ್ತೇವೆ, ಅಷ್ಟು ಸಾಕು.”

“ಅಪ್ಪನಿಗೆ ನಿಲ್ಲಿಸು ಅಂತ ಹೇಳಲಾ? ಇಲ್ಲವೇ ಚಳಿ ತಡೆಯುವ ಒಳ್ಳೆಯ ಪೆಟ್ಟಿಗೆ ಕಳಿಸ್ತೀರಾ?”

“ಪೆಟ್ಟಿಗೆಯದು ಮುಂದಿನ ವರ್ಷ ನೋಡೋಣ. ನಿಲ್ಲಿಸುವುದು ಬೇಡ. ಊರಿನವರು ಕೆಲಸದಲ್ಲಿದ್ದಾರೆ ಎಂದು ತೋರಿಸದಿದ್ದರೆ ನಮಗೆ ಪರವಾನಗಿ ಸಿಗುವುದಿಲ್ಲ. ಅವರ ಮನಸ್ಸನ್ನೂ ನೋಯಿಸಬಾರದು, ಅಲ್ಲವೇ?”

ಆ ಸಂಜೆ ಅಪ್ಪ ಬೂಟು ಬಿಚ್ಚುತ್ತ ಕೇಳಿದ. “ಅವ್ವಾ, ನನ್ನ ನೀರಿಗೆ ಏನಂದ್ರು?”

ಅವಳು ಒಲೆಯ ಕಡೆ ತಿರುಗಿ ನಿಂತಿದ್ದಳು. ಅರವತ್ತೆರಡರ ಮುದುಕ ಹೊಗಳಿಕೆಗೆ ಬಾಯಿ ಬಿಟ್ಟುಕೊಂಡು ಕೂತಿದ್ದ.

“ಚೆನ್ನಾಗಿದೆಯಂತೆ,” ಎಂದಳು.

ಪೆಟ್ಟಿಗೆ ಮುಂದಿನ ವರ್ಷವೂ ಬರಲಿಲ್ಲ, ಅದರ ಮುಂದಿನ ವರ್ಷವೂ. ಅವನು ಮತ್ತೆ ಆರು ಚಳಿಗಾಲ ಹೋದ. ಮೂರನೆಯದರಲ್ಲಿ ಬಲಗೈಯ ಎರಡು ಬೆರಳಿನ ತುದಿ ಕಪ್ಪಾಗಿ ಉದುರಿದವು. ಬಿರಡೆಗೆ ಗ್ರೀಸು ಸವರುವಾಗ ಕೈಗವಸು ತೆಗೆಯಲೇಬೇಕಿತ್ತು.

“ಬಿಟ್ಬಿಡಪ್ಪ,” ಎಂದು ಆಗ ಒಮ್ಮೆ ಅಂದಿದ್ದಳು.

“ಈಗ ಬಿಟ್ರೆ ಇಷ್ಟು ವರ್ಷದ ನೀರಿನ ಸಾಲು ತಪ್ಪುತ್ತೆ, ಅವ್ವಾ,” ಎಂದ ಅವನು.

*

ಮಧ್ಯಾಹ್ನ ಚರ್ಚು ತುಂಬಿತ್ತು. ಕೆಂಡ್ರಿಕ್ ಬಾಚಿದ ಒದ್ದೆ ಕೂದಲಿನಲ್ಲಿ ಶವಪೆಟ್ಟಿಗೆಯ ಪಕ್ಕ ನಿಂತ. ನೀವಿಯಾಕ್ ಎರಡು ಹೆಜ್ಜೆ ಹಿಂದೆ. ಮುಂದಿನ ಬೆಂಚಿನಲ್ಲಿ ಉಲಾಯು, ಅವಳ ಪಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ ಸಿಯಾಸಿ, ಆಚೆ ಜೋಅಮಿ. ನಡುವಯಸ್ಸಿನವರಿಗೆಲ್ಲ ಇಂಗ್ಲಿಷು ಬರುತ್ತಿತ್ತು. ಬಾರದವರು ಮುದುಕರು. ತುಲುಗಾಕನ ಜೊತೆಯವರು.

“ತುಲುಗಾಕ್ ನನ್ನ ಗೆಳೆಯ,” ಎಂದ ಕೆಂಡ್ರಿಕ್. ಅವಳು ಹೇಳಿದಳು.

“ಅವರಷ್ಟು ಶಿಸ್ತಿನ ಮನುಷ್ಯನನ್ನು ನಾನು ಕಂಡಿಲ್ಲ.” ಅದನ್ನೂ ಹೇಳಿದಳು. ಅದು ನಿಜವೇ ಆಗಿತ್ತು.

“ಕತ್ತಲೆಯ ತಿಂಗಳುಗಳಲ್ಲಿ ಈ ಸಮುದ್ರಕ್ಕೆ ಏನಾಗುತ್ತದೆ ಎಂದು ಜಗತ್ತಿಗೆ ಇವತ್ತು ಗೊತ್ತಿದ್ದರೆ, ಅದು ಅವರ ಚಳಿಗಾಲದ ನೀರಿನಿಂದ.”

ನೀವಿಯಾಕ್ ಬಾಯಿ ತೆರೆದು ನಿಂತಳು. ಉಲಾಯು ಕಿವಿಯ ಮೇಲಿನ ಶಾಲು ಸರಿಸಿ ಕಾಯುತ್ತಿದ್ದಳು. ಸಿಯಾಸಿಯೂ. ಇನ್ನೊಂದು ವಾಕ್ಯ ಅಷ್ಟೆ. ಹೇಳಿಬಿಟ್ಟರೆ ಮುಂದಿನ ತಿಂಗಳು ಹುಟ್ಟುವ ಮಗು ಅದನ್ನು ಹೊತ್ತುಕೊಂಡು ಓಡಾಡುತ್ತದೆ. ಎಂದಾದರೂ ಬಂದು ‘ನನ್ನ ನೀರಿಗೆ ಏನಂದ್ರು’ ಎಂದು ಕೇಳುತ್ತದೆ.

“ಅಪ್ಪ ಚಳಿಗಾಲದಲ್ಲಿ ತಂದ ನೀರು ಒಂದೂ ಉಪಯೋಗಕ್ಕೆ ಬರ್ಲಿಲ್ಲ,” ಎಂದಳು. “ಎದೆಗೆ ಒತ್ಕೊಂಡು ತರ್ತಿದ್ದ. ಬಿಸಿಯಾಗಿ ಕೆಡ್ತು. ಇವರು ಎಲ್ಲಾನೂ ಚೆಲ್ಲಿದ್ರು. ಆರು ವರ್ಷದಿಂದ ಇವರಿಗೆ ಗೊತ್ತು. ನಂಗೂ ಗೊತ್ತು. ಅಪ್ಪಂಗೆ ಇಬ್ರೂ ಹೇಳ್ಲಿಲ್ಲ. ಹೋಗೋದನ್ನ ತಡೀಲೂ ಇಲ್ಲ. ಬೆರಳು ಹೋಗಿದ್ದು ಆಮೇಲೆ.”

ಜೋಅಮಿ ತಲೆಯೆತ್ತಿದ. ಕೆಂಡ್ರಿಕನನ್ನು ನೋಡಿದ, ಅವಳನ್ನು ನೋಡಿದ. ಹಿಂದಿನ ಬೆಂಚಿನಲ್ಲಿ ಯಾರೋ ಮುದುಕ ಮೂಗು ಒರೆಸಿಕೊಂಡ.

ಕೆಂಡ್ರಿಕ್ ಬಗ್ಗಿ ಪಿಸುಗುಟ್ಟಿದ: “ಅಷ್ಟು ಉದ್ದ ಬೇಕಾಯಿತೇ?”

“ನಮ್ಮ ಮಾತಲ್ಲಿ ಉದ್ದ ಆಗುತ್ತೆ.”

ಅವನು ಜನರತ್ತ ತಿರುಗಿ, ಎದೆಯ ಮೇಲೆ ಕೈಯಿಟ್ಟು, ತಲೆ ಬಾಗಿಸಿದ.

ಉಲಾಯು ಕುಳಿತಲ್ಲಿಂದಲೇ ಕೇಳಿದಳು. “ಅದು ಅವನು ಹೇಳಿದ್ದಾ, ನೀನು ಹೇಳಿದ್ದಾ?”

“ನಾನು.”

“ಆರು ವರ್ಷ ಅಂದ್ಯಾ?”

“ಹೌದು, ಮಗಳೇ.”

ಉಲಾಯು ಆ ಕರೆಗೆ ಓಗೊಡಲಿಲ್ಲ. ಸಿಯಾಸಿಯ ಕಡೆ ತಿರುಗಿದಳು. “ಕೇಳಿಸ್ಕೊಂಡ್ಯಾ? ಮಗೂಗೆ ಹೀಗೇ ಹೇಳ್ಬೇಕು. ಯಾರು ಯಾರು ಅಂತ ಸೇರಿಸಿ.”

ಪಾದ್ರಿ ಹಾಡು ಶುರುಮಾಡಿದರು.

*

ನೆಲ ಗಡುಸಾಗುವ ಮುಂಚೆ, ಶರತ್ಕಾಲದಲ್ಲೇ, ಊರವರು ಅಂದಾಜಿನ ಮೇಲೆ ಆರು ಗುಂಡಿ ತೋಡಿಟ್ಟಿದ್ದರು. ಇದು ನಾಲ್ಕನೆಯದು. ಪಕ್ಕದ ಮಣ್ಣಿನ ಗುಡ್ಡೆ ಕಲ್ಲಾಗಿದ್ದರಿಂದ ಬೆಳಿಗ್ಗೆ ಯಂತ್ರ ಹಚ್ಚಿ ಒಡೆದಿದ್ದರು. ಪೆಟ್ಟಿಗೆ ಇಳಿಸಿ ಹಗ್ಗ ಎಳೆದುಕೊಂಡ ಮೇಲೆ ಕೆಂಡ್ರಿಕ್ ಮುಂದೆ ಬಂದು ಸಲಿಕೆ ಎತ್ತಿಕೊಂಡ. ಇನ್ನೊಂದನ್ನು ನೀವಿಯಾಕ್ ಎತ್ತಿಕೊಂಡಳು.

ಈ ಊರಿನಲ್ಲಿ ಸಲಿಕೆ ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ಇಪ್ಪತ್ತು ಸಲ ಎತ್ತಿ ಹಾಕುವಷ್ಟರಲ್ಲಿ, ಉಸಿರು ಏರುವ ಮೊದಲೇ, ಇನ್ನೊಬ್ಬರು ಬಂದು ಮಾತಿಲ್ಲದೆ ಹಿಡಿಕೆಗೆ ಕೈಹಾಕುತ್ತಾರೆ. ಕೇಳುವಂತಿಲ್ಲ, ಕರೆಯುವಂತಿಲ್ಲ. ಎಂಥ ಕುಡುಕ ಸತ್ತರೂ, ಎಂಥ ಜಗಳಗಂಟನ ಮಗನೇ ಸಲಿಕೆ ಹಿಡಿದರೂ ಅಷ್ಟೆ.

ಇಪ್ಪತ್ತಾಯಿತು. ಐವತ್ತಾಯಿತು. ಹೆಪ್ಪುಗಟ್ಟಿದ ಮಣ್ಣಿನ ಉಂಡೆಗಳು ಪ್ಲೈವುಡ್ಡಿನ ಮೇಲೆ ಧಡಧಡ ಬೀಳುತ್ತಿದ್ದವು. ನಲವತ್ತು ಜನ ಗಾಳಿಗೆ ಬೆನ್ನು ಕೊಟ್ಟು, ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡು ನಿಂತಿದ್ದರು. ಜೋಅಮಿ ಒಂದು ಹೆಜ್ಜೆ ಮುಂದಿಟ್ಟ. ಉಲಾಯು ಅವನತ್ತ ನೋಡಿದಳು ಅಷ್ಟೆ. ಅವನು ನಿಂತ.

ಸ್ವಲ್ಪ ಹೊತ್ತಿಗೆ ಹಿಮದ ಗಾಡಿಗಳು ಒಂದೊಂದಾಗಿ ಗುರುಗುಟ್ಟಿ ಊರಿನ ಕಡೆ ಹೊರಟವು. ಒಂದರ ಹಿಂದೆ ಸಿಯಾಸಿ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

ಕೆಂಡ್ರಿಕನ ಗಡ್ಡದಲ್ಲಿ ಉಸಿರು ಬಿಳಿಯಾಗಿ ಕಟ್ಟಿತ್ತು. ಹೊಸ ಕೈಗವಸಿನ ಅಂಗೈ ಹರಿದಿತ್ತು. ಅವನು ಸೊಂಟ ನೆಟ್ಟಗೆ ಮಾಡಿ ಖಾಲಿಯಾಗುತ್ತಿದ್ದ ದಿಬ್ಬವನ್ನು ನೋಡಿದ. ಕಣ್ಣು ಒದ್ದೆಯಾಗಿದ್ದವು.

“ಪೂರ್ತಿ ನಮ್ಮಿಬ್ಬರಿಗೇ ಬಿಟ್ಟುಕೊಟ್ಟರು,” ಎಂದ ಏದುಸಿರಿನಲ್ಲಿ. “ಇದು ದೊಡ್ಡ ಗೌರವ, ಅಲ್ಲವೇ?”

ಗುಂಡಿ ಇನ್ನೂ ಸೊಂಟದ ಆಳ ಉಳಿದಿತ್ತು. ಕೊನೆಯ ಗಾಡಿಯ ಕೆಂಪು ದೀಪ ಇಳಿಜಾರಿನಲ್ಲಿ ಮರೆಯಾಯಿತು.

“ಹೌದು,” ಎಂದಳು ನೀವಿಯಾಕ್.

ಅವನು ಸಂತೋಷದಿಂದ ಬಗ್ಗಿ ಇನ್ನೊಂದು ಸಲಿಕೆ ತುಂಬಿದ.