ಸುಣ್ಣದ ಭಟ್ಟಿಯ ಇದ್ದಿಲು

ದೊಡ್ಡ ಯುದ್ಧ ಮುಗಿದು ವರ್ಷ ಕಳೆದಿದ್ದರೂ ನಮ್ಮ ನಿಜಾಮರ ಸೀಮೆಯಲ್ಲಿ ಪೆಟ್ರೋಲಿಗೆ ಪರ್ಮಿಟ್ ಬೇಕಾಗಿತ್ತು. ಅದಕ್ಕೇ ಲಾರಿಗಳು ಇನ್ನೂ ಇದ್ದಿಲಿನ ಮೇಲೆ ಓಡುತ್ತಿದ್ದವು. ಲಾರಿಯ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆ. ಅದರಲ್ಲಿ ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಕೈಪಂಕ ತಿರುವಿದರೆ ಅದರ ಗ್ಯಾಸು ಕೊಳವೆ ಹಿಡಿದು ಇಂಜಿನ್ನಿಗೆ ಹೋಗುತ್ತಿತ್ತು. ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ಆ ಒಲೆಯನ್ನು ಹುಟ್ಟಿಸಿದವನು ನನ್ನ ಕೈಗೆ ಸಿಕ್ಕಿದ್ದರೆ ಅವನನ್ನೇ ಅದರೊಳಗೆ ತುಂಬಿ ಮುಚ್ಚಳ ಬಿಗಿಯುತ್ತಿದ್ದೆ.

ನಾನು ಮುನಾಫ. ಸೇಡಂನ ಸಾಹುಕಾರ ನಾಗೇಂದ್ರಪ್ಪನವರ ಲಾರಿಯ ಡ್ರೈವರ್. ಆ ದಿನ ಮಧ್ಯಾಹ್ನದ ರೈಲಿಗೆ ನನ್ನ ತಾಯಿ ಜಾನಬಿ ಹಜ್ಜಿಗೆ ಹೊರಡುವವಳಿದ್ದಳು. ಸೇಡಂನಿಂದ ವಾಡಿ, ವಾಡಿಯಿಂದ ಮುಂಬಯಿ, ಅಲ್ಲಿಂದ ಹಡಗು. ಜೊತೆಗೆ ನನ್ನ ಸೋದರಮಾವ ಶೌಕತ ಅಲಿ. ಅಮ್ಮನಿಗೆ ಅರವತ್ತೈದು ದಾಟಿತ್ತು. ಹೋದವರೆಲ್ಲ ತಿರುಗಿ ಬರುತ್ತಾರೆಂಬ ಭರವಸೆ ಆಗ ಯಾರಿಗೂ ಇರಲಿಲ್ಲ.

ಹಜ್ಜಿಗೆ ಹೊರಟವರು ಮನೆಮನೆಗೆ ಹೋಗಿ, ಅಂದದ್ದು ಆಡಿದ್ದಕ್ಕೆಲ್ಲ ಮಾಫಿ ಕೇಳುವುದು ನಮ್ಮಲ್ಲಿ ಪದ್ಧತಿ. ಒಬ್ಬರ ಮನಸ್ಸು ನೋಯಿಸಿ ಹೋದರೂ ಹಜ್ಜು ಕಬೂಲಾಗುವುದಿಲ್ಲ ಎಂದು ಅಮ್ಮ ನಂಬಿದ್ದಳು. ಹದಿನೈದು ದಿನ ಊರೆಲ್ಲ ತಿರುಗಿದಳು. ಮಠದ ಗುರುಲಿಂಗಯ್ಯನವರ ಅಂಗಳದಲ್ಲಿ ಕೈಮುಗಿದು ನಿಂತಳು. ಎಂದೋ ಒಂದು ಕೋಳಿಯ ಸಲುವಾಗಿ ಜಗಳಾಡಿ ಮಾತು ಬಿಟ್ಟಿದ್ದ ಚಂದಮ್ಮನ ಕೈಹಿಡಿದು ಅತ್ತಳು. ಚಂದಮ್ಮನೂ ಅತ್ತಳು. ಕೋಳಿ ಯಾರದೆಂಬುದು ಮಾತ್ರ ಆಗಲೂ ತೀರ್ಮಾನವಾಗಲಿಲ್ಲ.

ಕೊನೆಗೆ ನನ್ನ ಹತ್ತಿರ ಬಂದಳು. ನಾನು ಶಹಾಬಾದಿಗೆ ಹೊರಡಲು ಲಾರಿಗೆ ಬೆಂಕಿ ಹಾಕುತ್ತಿದ್ದೆ. ನಮ್ಮ ಮನೆಮಾತು ದಖನಿಯಾದರೂ ಅವಳು ಕನ್ನಡದವರ ಓಣಿಯಲ್ಲಿ ಬೆಳೆದವಳು. ಮನಸ್ಸು ಕರಗಿದಾಗ ಅವಳಿಗೆ ಕನ್ನಡವೇ ಬರುತ್ತಿತ್ತು.

"ಎಲ್ಲರೂ ಮಾಫ್ ಮಾಡ್ಯಾರ ಬೇಟಾ. ನೀ ಒಬ್ಬಾವ ಉಳದಿ. ಮಾಫ್ ಮಾಡೀನಿ ಅಂತ ಒಂದು ಮಾತು ಅನ್ನು."

"ಈಗ ಲೋಡಿಗಿ ಹೊಂಟೀನಿ. ನಾಡದ ಸ್ಟೇಷನ್ನಿಗಿ ಬಂದು ಹೇಳ್ತೀನಿ, ಬಿಡು."

ಅವಳು ಒಳಗೆ ಹೋಗಿ ರೊಟ್ಟಿ ಬುತ್ತಿ ತಂದು ಸೀಟಿನ ಮೇಲಿಟ್ಟಳು.

ಎರಡು ವರ್ಷದ ಹಿಂದೆ ನನ್ನ ಮಗಳು ಜ್ವರದಲ್ಲಿ ಮಲಗಿದ್ದಳು. ಶಹಾಬಾದಿನ ಡಾಕ್ಟರರ ಹತ್ತಿರ ಒಯ್ಯೋಣ ಎಂದು ನನ್ನ ಹೆಂಡತಿ ಜೈಬುನ್ನೀಸಾ ಹೇಳಿದರೆ, ಮುನಾಫ ಬರಲಿ ಎಂದು ಅಮ್ಮ ತಡೆದಿದ್ದಳು. ಮುನಾಫ ಚಿಂಚೋಳಿಗೆ ಹೋಗಿದ್ದ. ಮರುದಿನ ಸಂಜೆ ನಾನು ಬರುವಷ್ಟರಲ್ಲಿ ಕೂಸು ಇರಲಿಲ್ಲ. ಅಮ್ಮನ ತಪ್ಪು ಎಷ್ಟು, ನಾನು ಊರಲ್ಲಿಲ್ಲದ ತಪ್ಪು ಎಷ್ಟು ಎಂದು ನನಗೆ ಗೊತ್ತಿತ್ತು. ಆದರೂ ಅವಳ ಮೇಲಿನ ಸಿಟ್ಟನ್ನು ಬಿಡಲಿಲ್ಲ. ಅದನ್ನು ಬಿಟ್ಟರೆ ನನ್ನ ಮೇಲೆಯೇ ಸಿಟ್ಟಾಗಬೇಕಿತ್ತಲ್ಲ! ಇನ್ನೆರಡು ದಿನ ಕಾಯಲಿ ಎಂದುಕೊಂಡೆ. ಹೇಳಬೇಕೆಂದೇ ಇತ್ತು. ಸ್ವಲ್ಪ ಕಾಯಿಸಿ ಹೇಳಬೇಕೆಂದಿತ್ತು, ಅಷ್ಟೆ. ಎಂಥ ಸಣ್ಣ ಬುದ್ಧಿ ನನ್ನದು.

ಅಮ್ಮ ಹೊರಡುವ ದಿನ ಬೆಳಿಗ್ಗೆ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ತುಂಬಿಕೊಂಡು ನೋಡಿದರೆ ಇದ್ದಿಲು ಸಾಲದು. ಇದ್ದಿಲಿನ ಅಂಗಡಿ ತೆರೆಯಲು ಇನ್ನೂ ಹೊತ್ತಿತ್ತು. ಊರ ಹೊರಗಿನ ಸುಣ್ಣದ ಭಟ್ಟಿಯಲ್ಲಿ ಸುಟ್ಟು ಉಳಿದ ಇದ್ದಿಲು ರಾಶಿ ಬಿದ್ದಿತ್ತು. ಎರಡು ಚೀಲ ತುಂಬಿಸಿದೆ. ನನ್ನ ಜೊತೆಗಿದ್ದ ಹಮಾಲ ಸಾಯಬಣ್ಣ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಉಜ್ಜಿ ನೋಡಿದ. ಭಟ್ಟಿ ಕೆಲಸ ಮಾಡಿಯೇ ಮುದುಕನಾದವನು ಅವನು.

"ಇದರಾಗ ಸುಣ್ಣದ ಹರಳು ಸೇರ್ಯಾವ ಮುನಾಫ. ಬ್ಯಾಡ."

"ಬೆಂಕಿಗೇನ್ ಗೊತ್ತಾಗ್ತದ ಕಾಕಾ? ಹತ್ತು."

ಬೆಂಕಿಗೆ ಎಲ್ಲ ಗೊತ್ತಾಗುತ್ತದೆ. ವಾಡಿ ದಾಟಿದೆವು, ಚಿತ್ತಾಪುರ ದಾಟಿದೆವು. ಮಳಖೇಡದ ಕಡೆ ಮೂರು ಮೈಲು ಹೋಗಿರಬೇಕು, ಏರಿನಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಚಕ್ರಕ್ಕೆ ಕಲ್ಲು ಕೊಟ್ಟು ಒಲೆಯ ಕೆಳಬಾಗಿಲು ತೆಗೆದೆ. ಸುಣ್ಣ, ಬೂದಿ ಎರಡೂ ಕರಗಿ ಜಾಲರಿಯ ಮೇಲೆ ಕಿಟ್ಟ ಕಟ್ಟಿ ಕಲ್ಲಾಗಿತ್ತು. ಗಾಳಿ ಒಳಗೆ ಹೋಗಲು ದಾರಿಯೇ ಇರಲಿಲ್ಲ.

ಹಾರೆ ಹಿಡಿದು ಕಿಟ್ಟ ಒಡೆಯತೊಡಗಿದೆ. ಕೆಂಡ ಕೈಮೇಲೆ ಉದುರಿತು, ಹೊಗೆ ಕಣ್ಣಿಗೆ ಹೊಡೆಯಿತು, ಮುಖವೆಲ್ಲ ಮಸಿಯಾಯಿತು. ಸಾಯಬಣ್ಣ ನೆತ್ತಿಯ ಮೇಲಿನ ಸೂರ್ಯನನ್ನೂ ನನ್ನನ್ನೂ ನೋಡಿದ.

"ನೀ ಹಿಂದಕ್ಕ ಚಿತ್ತಾಪುರ ಸ್ಟೇಷನ್ನಿಗಿ ನಡಿ. ಸೇಡಂ ಗಾಡಿ ಅಲ್ಲಿ ನಿಂದರತದ, ನಿಮ್ಮವ್ವ ಸಿಗ್ತಾಳ. ಲಾರಿ ನಾ ಕಾಯ್ತೀನಿ."

"ಇನ್ನ ಹತ್ತು ಮಿನೀಟು ಕಾಕಾ. ಒಡದದ, ನೋಡು."

ಅರ್ಧ ಒಡೆದಿತ್ತು. ಡ್ರೈವರನ ಜಾತಿಯೇ ಹೀಗೆ. ಇಂಜಿನ್ನು ಇನ್ನೊಂದು ಸಲಕ್ಕೆ ಶುರುವಾಗುತ್ತದೆ ಎಂದು ಪ್ರತಿ ಸಲವೂ ನಂಬುತ್ತಾನೆ. ಕಿಟ್ಟ ತೆಗೆದು, ಇದ್ದುದರಲ್ಲೇ ಕರಿ ಇದ್ದಿಲು ಆರಿಸಿ ತುಂಬಿ, ಬೆಂಕಿ ಕೊಟ್ಟೆ. ಸಾಯಬಣ್ಣ ಪಂಕ ತಿರುವಿದ, ಅವನ ತೋಳು ಸೋತಾಗ ನಾನು ತಿರುವಿದೆ. ಹ್ಯಾಂಡಲ್ ಹೊಡೆದೆ. ಮತ್ತೆ ಹೊಡೆದೆ. ಇಂಜಿನ್ನು ಒಮ್ಮೆ ಗುರ್ರೆಂದು ಆಸೆ ಹುಟ್ಟಿಸಿ ಸತ್ತಿತು.

"ಇನ್ನರ ನಡಿಯೋ" ಎಂದ ಸಾಯಬಣ್ಣ. ಈ ಸಲ ಅವನ ದನಿ ಜೋರಾಗಿತ್ತು.

ಹಾರೆ ಒಗೆದು ಹಿಂದಕ್ಕೆ ಓಡಿದೆ. ಅರ್ಧ ಮೈಲು ಹೋಗಿರಲಿಲ್ಲ, ಬೆನ್ನ ಹಿಂದೆ ರೈಲಿನ ಸಿಳ್ಳೆ ಕೇಳಿಸಿತು. ರೈಲುದಾರಿ ರಸ್ತೆಯಿಂದ ಎರಡು ಹೊಲದಾಚೆ. ತೊಗರಿ ಎದೆಮಟ್ಟ ಬೆಳೆದಿತ್ತು, ಎರೆಮಣ್ಣು ಹಸಿಯಿತ್ತು. ಹೊಲದೊಳಗೆ ನುಗ್ಗಿದೆ. ಒಂದು ಚಪ್ಪಲಿ ಕೆಸರಲ್ಲೇ ಉಳಿಯಿತು.

ನಾನು ಹಳಿಯ ಹತ್ತಿರ ಮುಟ್ಟಿದಾಗ ಇಂಜಿನ್ನು ದಾಟಿ ಹೋಗಿತ್ತು, ಡಬ್ಬಿಗಳು ದಾಟುತ್ತಿದ್ದವು. ಅಲ್ಲಿನ ತಿರುವಿಗೆ ಗಾಡಿ ನಿಧಾನವಾಗಿತ್ತು. ಹೆಂಗಸರ ಜನಾನಾ ಡಬ್ಬಿ ಬಂತು. ಅದರ ಕಿಟಕಿಗಳ ಕಟ್ಟಿಗೆಪಟ್ಟಿಯ ಪರದೆಗಳೆಲ್ಲ ಇಳಿದಿದ್ದವು. ಒಳಗಿನವರಿಗೆ ಹೊರಗಿನದು ಕಾಣುತ್ತದೆ, ಹೊರಗಿನವರಿಗೆ ಒಳಗಿನದು ಕಾಣುವುದಿಲ್ಲ.

"ಅಮ್ಮಾ! ಮಾಫ್ ಮಾಡೀನಿ! ನಾ ಮುನಾಫ!"

ಯಾವ ಕಿಟಕಿಯೆಂದು ತಿಳಿಯದೆ ಎಲ್ಲದಕ್ಕೂ ಕೂಗಿದೆ. ಚಕ್ರದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಡಬ್ಬಿಯ ಪಕ್ಕದಲ್ಲೇ ಓಡಿದೆ, ಜಲ್ಲಿಕಲ್ಲಿಗೆ ಎಡವಿ ಬಿದ್ದೆ, ಎದ್ದು ಮತ್ತೆ ಓಡಿದೆ. ಕೊನೆಯ ಡಬ್ಬಿಯ ಗಾರ್ಡು ನನ್ನನ್ನು ಹುಚ್ಚನೆಂದುಕೊಂಡನೋ ಏನೋ, ದೂರ ಸರಿಯೆಂದು ಹಸಿರು ಬಾವುಟ ಆಡಿಸಿದ. ಚಿತ್ತಾಪುರದಲ್ಲಿ ಗಾಡಿ ನಿಲ್ಲುವುದು ಐದೇ ನಿಮಿಷ. ವಾಡಿಯಲ್ಲಿ ಮುಂಬಯಿ ಗಾಡಿಗೆ ಇದ್ದದ್ದು ಒಂದೇ ತಾಸು. ನನ್ನ ಕೈಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಹಳಿಯ ಪಕ್ಕ ಕುಳಿತು ಅತ್ತೆ. ಮಗಳು ಹೋದಾಗಲೂ ಅಷ್ಟು ಅತ್ತಿರಲಿಲ್ಲ.

ಸೇಡಂ ಮುಟ್ಟಿದ್ದು ಮರುದಿನ, ಎತ್ತು ಕಟ್ಟಿ ಲಾರಿ ಎಳೆಸಿಕೊಂಡು. ಮಾಲೆ ಹಾಕಿಸಿಕೊಂಡ ಅಮ್ಮ ಪ್ಲಾಟ್‌ಫಾರ್ಮಿನ ಮೇಲೆ ಶಹಾಬಾದ್ ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದಳು, ಮಾವ ತೋಳು ಹಿಡಿದು ಗಾಡಿ ಹತ್ತಿಸಬೇಕಾಯಿತು ಎಂದು ಜೈಬುನ್ನೀಸಾ ಹೇಳಿದಳು. ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎಂಟು ದಿನಕ್ಕೆ ಮುಂಬಯಿಯಿಂದ ಮಾವನ ಕಾರ್ಡು ಬಂತು. ಓದಿದೆ. ಅದರಲ್ಲಿ ಹೀಗಿತ್ತು:

"ಮುನಾಫ, ನೀ ಯಾಕ ಬರಲಿಲ್ಲ? ಎಲ್ಲಿ ಏನಾಗ್ಯದೋ ಅಂತ ನಿಮ್ಮವ್ವಗ ಒಂದೇ ಚಿಂತಿ. ಮಳಖೇಡ ದಾಟಿದ ಮ್ಯಾಲ ಒಬ್ಬ ಕರೀ ಮಾರಿಯಾವ ಗಾಡಿ ಸಂಗಾಟ ಅಳಕೋತ ಓಡಾಕತ್ತಿದ್ದನಂತ. ಪಾಪ, ಯಾರ ಹಡದ ಮಗನೋ ಅಂತ ವಾಡಿತನಕ ಅವನ ಸಲುವಾಗಿ ದುವಾ ಮಾಡ್ಯಾಳ. ನಿನ್ನ ಮಾತು ಸಿಗಲಿಲ್ಲ ಅಂತ ಈಗ ಊಟ ಬಿಟ್ಟು ಕುಂತಾಳ. ನಾಳೆ ಸಂಜಿಗಿ ಜಹಾಜು ಬಿಡ್ತದ. ಮಾಫ್ ಮಾಡೀನಿ ಅಂತ ಒಂದು ತಾರ ಕೊಡು."

ಕಾರ್ಡಿನ ಮೇಲಿನ ತಾರೀಖು ನೋಡಿದೆ. ಆ ನಾಳೆ ಕಳೆದು ಮೂರು ದಿನವಾಗಿತ್ತು.

ಆದರೂ ತಂತಿ ಕಳಿಸುವ ತಾರಾಫೀಸಿಗೆ ಓಡಿದೆ. ಬಾಬು ಕಾರ್ಡನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದ.

"ಜಹಾಜು ಹೋಗ್ಯದಲ್ಲಪ. ಈಗ ತಾರ ಯಾರಿಗಿ ಕಳಸಲಿ?"

"ಬರಕೋರಿ ಸಾಹೇಬ್ರ" ಎಂದೆ. "ಭಾಳ ಇಲ್ಲ. ಎರಡೇ ಮಾತವ."

ಬಾಬು ಬರೆದುಕೊಳ್ಳಲಿಲ್ಲ. ಕಾರ್ಡನ್ನು ಮಡಿಚದೆ ಮೆಲ್ಲಗೆ ನನ್ನ ಕೈಗೆ ಕೊಟ್ಟು, ನನ್ನ ಹಿಂದೆ ನಿಂತವನನ್ನು ಕರೆದ.