ಎರಡನೇ ಸೀಡಿಗೆ ಬೂಷ್ಟು

ಶೃಂಗೇರಿ ಬಸ್ ಸ್ಟ್ಯಾಂಡಿನ ಹಿಂದೆ ಯೋಗೇಂದ್ರನ ಸೀಡಿ ಅಂಗಡಿ ಇತ್ತು. ಎಷ್ಟು ದೊಡ್ಡ ಅಂಗಡಿ ಅಂತೀರಿ? ಸೀನು ಬಂದರೆ ಯೋಗೇಂದ್ರ ಹೊರಗೆ ಬಂದು ಸೀನಿ ಮತ್ತೆ ಒಳಗೆ ಹೋಗಬೇಕಿತ್ತು, ಅಷ್ಟು ದೊಡ್ಡದು. ಆದರೆ ಅದರೊಳಗೆ ಪ್ರಪಂಚದಲ್ಲಿ ಈವರೆಗೆ ತೆಗೆದ ಸಿನಿಮಾಗಳೆಲ್ಲ ಇದ್ದವು, ಇನ್ನೂ ತೆಗೆಯದ ಎರಡು ಮೂರೂ ಇದ್ದವು. ಹೀಗೆಂದು ಯೋಗೇಂದ್ರನೇ ಹೇಳುತ್ತಿದ್ದದ್ದರಿಂದ ಅನುಮಾನಪಡುವ ಹಾಗಿರಲಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿ ಆಸುಪಾಸಿನ ಮಾತು. ಆಗ ಒಂದು ಸಿನಿಮಾ ಎಂದರೆ ಎರಡು ಸೀಡಿ. ಇಂಟರ್‌ವಲ್ ತನಕ ಒಂದನೆಯದು, ಆಮೇಲಿನ ಕತೆಗೆ ಎರಡನೆಯದು. ಅಲ್ಲಿಯ ಥಂಡಿಗೆ ಚಪ್ಪಲಿಗೆ ಹಿಡಿದ ಹಾಗೆ ಸೀಡಿಗೂ ಬೂಷ್ಟು ಹಿಡಿಯುತ್ತಿತ್ತು. ಹಿಡಿಯುವುದು ಹಿಡಿಯಲಿ, ಅದೆಂತದೋ ಎರಡನೆಯದಕ್ಕೇ ಹಿಡಿಯುವುದು. ಸಿರಿಮನೆ ಕಡೆಯ ಒಂದು ಮನೆಯಲ್ಲಿ ಹೀರೋ ಹೊಡೆಯಲು ಕೈ ಎತ್ತಿದವನು ಹಾಗೇ ನಿಂತುಬಿಟ್ಟ. ಮೂರು ದಿನ ಕೈ ಇಳಿಸಲಿಲ್ಲವಂತೆ. ಕೊನೆಗೆ ಮನೆಯವರೇ ಪಾಪ ಅನ್ನಿಸಿ ಟೀವಿಗೆ ಕಂಬಳಿ ಹೊದಿಸಿದರಂತೆ.

ಹಾಗೆ ಅರ್ಧಕ್ಕೆ ನಿಂತ ಗಿರಾಕಿಗಳು ಮರುದಿನ ಅಂಗಡಿಗೆ ಬಂದು ಕೇಳುವರು, "ಮುಂದೆ ಎಂತಾಯ್ತು ಮಾರಾಯ?" ಯೋಗೇಂದ್ರ ಹೇಳುವನು. ಅವನು ಕತೆ ಹೇಳಲು ನಿಂತರೆ ಕೊಪ್ಪದ ಬಸ್ಸು ಹೊರಡುವುದನ್ನು ಮರೆಯುತ್ತಿತ್ತು. ಸತ್ತ ವಿಲನ್ ಅವನ ಬಾಯಲ್ಲಿ ಎರಡೆರಡು ಸಲ ಎದ್ದು ಬಂದು ಮತ್ತೆ ಸಾಯುತ್ತಿದ್ದ. ಕೇಳಿದವರು ಅಲ್ಲೇ ನಿಂತು ಚರ್ಚೆ ಮಾಡುವರು. ಯಾವುದು ನೋಡಬಹುದು, ಯಾವುದು ದಂಡ, ಯಾವುದನ್ನು ಮನೆಯವರ ಜೊತೆ ಕೂತು ನೋಡಬಾರದು. ಪಕ್ಕದ ಸೈಕಲ್ ಅಂಗಡಿಯ ಬೂತಪ್ಪನಿಗೆ ಎಲ್ಲ ಸಿನಿಮಾದ ಮೇಲೂ ಒಂದೇ ಅಭಿಪ್ರಾಯ: "ಫೈಟಿಂಗ್ ಸಾಕಾಗ್ಲಿಲ್ಲ."

ಒಂದು ಮಾತು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಯೋಗೇಂದ್ರ ತನ್ನ ಆಯುಷ್ಯದಲ್ಲಿ ಎರಡನೇ ಸೀಡಿ ಪೂರ್ತಿ ನೋಡಿದವನೇ ಅಲ್ಲ. ಅಂಗಡಿ ಇಟ್ಟ ಹೊಸದರಲ್ಲಿ ನೋಡಿದ ಒಂದೆರಡು ಬಿಟ್ಟರೆ ಇಲ್ಲ. ಕೊನೆಯಲ್ಲಿ ಎಲ್ಲರೂ ಒಟ್ಟಿಗೆ ನಿಂತು ನಗುವರು, ಆಮೇಲೆ ಶುಭಂ ಎಂದು ಬರುವುದು, ಪರದೆ ಕಪ್ಪಾಗುವುದು. ಆ ಕಪ್ಪಿನಲ್ಲಿ ಕುರ್ಚಿಯ ಮೇಲೆ ಕೂತ ಅವನ ಮುಖವೊಂದೇ ಕಾಣಿಸುವುದು. "ಹೆಂಗಿತ್ತು?" ಎಂದು ಪಕ್ಕಕ್ಕೆ ತಿರುಗಿದರೆ ಪಕ್ಕದಲ್ಲಿ ಗೋಡೆ. ಅದಕ್ಕಿಂತ ಅರ್ಧ ನೋಡಿ ಉಳಿದರ್ಧ ತಾನೇ ಕಟ್ಟುವುದು ವಾಸಿ ಎಂದುಕೊಂಡಿದ್ದ.

ಮಾಲತಿ ಟೀಚರ್ ಕಿಗ್ಗದ ಅಂಗನವಾಡಿಯಲ್ಲಿದ್ದಳು. ಒಬ್ಬಳೇ, ಬಾಡಿಗೆ ಕೋಣೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಶೃಂಗೇರಿಗೆ ಬಂದು ತರಕಾರಿ ತಗೊಂಡು ಒಂದು ಸಿನಿಮಾ ಒಯ್ಯುವಳು. ಅವಳ ಅಭಿಪ್ರಾಯಗಳು ಬೇರೆಯವರ ಹಾಗಿರಲಿಲ್ಲ. "ಆ ಹೆಂಗಸು ಅಷ್ಟು ಹೊತ್ತು ಅತ್ತಳಲ್ಲ, ಒಲೆ ಮೇಲಿಟ್ಟ ಅನ್ನದ ಗತಿ ಎಂತಾಯ್ತು?" ಎಂದು ಮೊದಲ ಸಲ ಕೇಳಿದಾಗ ಯೋಗೇಂದ್ರನ ನಾಲಿಗೆ ಬಿದ್ದುಹೋಯಿತು. ನಲವತ್ತೈದು ವರ್ಷದಲ್ಲಿ ಅವನ ನಾಲಿಗೆ ಬಿದ್ದದ್ದು ಅದೊಂದೇ ಸಲ. ಸುಧಾರಿಸಿಕೊಂಡು, "ಸೀದು ಹೋಯ್ತು ಟೀಚರೇ. ಅದನ್ನೇ ಹಾಕಿಕೊಂಡು ಊಟ ಮಾಡ್ತಾಳೆ, ಎರಡನೇ ಸೀಡೀಲಿ ಉಂಟು" ಅಂದ. ಆ ಎರಡನೆಯದಕ್ಕೆ ನಿಜವಾಗಿ ಬೂಷ್ಟು ಹಿಡಿದಿತ್ತು. ಅವಳು ನಕ್ಕು, ಪೂರ್ತಿ ಕತೆ ಕೇಳಿ, ಕೊನೇ ಬಸ್ಸಿಗೆ ಹೋದಳು.

ಮುಂದಿನ ಶನಿವಾರದಿಂದ ಯೋಗೇಂದ್ರ ಒಂದು ಕೆಲಸ ಮಾಡಿದ. ಮಾಲತಿ ಕೇಳಿದ ಸಿನಿಮಾದ ಎರಡನೇ ಸೀಡಿ ತೆಗೆದು ಡ್ರಾಯರಿಗೆ ಹಾಕುವುದು, ಒಂದನೆಯದನ್ನಷ್ಟೇ ಕೊಡುವುದು. "ಬೂಷ್ಟು ಟೀಚರೇ. ಅರ್ಧ ಬಾಡಿಗೆ ಸಾಕು. ಮುಂದಿನದನ್ನ ಬರೋ ವಾರ ನಾನೇ ಹೇಳ್ತೀನಿ, ಎಲ್ಲ ನೋಡಿದ್ದೇ." ವಾರವಿಡೀ ಅವನಿಗೆ ಒಂದೇ ಯೋಚನೆ, ಕತೆಯನ್ನು ಹೇಗೆ ಮುಗಿಸುವುದು ಎಂದು. ಅವನು ಮುಗಿಸಿದ ಕತೆಗಳಲ್ಲಿ ಹೀರೋಗಳು ಮೆಲ್ಲಗೆ ಬದಲಾಗುತ್ತ ಬಂದರು.

"ಇವನು ಪೊಲೀಸ್ ಇನ್ಸ್‌ಪೆಕ್ಟರ್ ಆಗಿದ್ನಲ್ಲ ಯೋಗೇಂದ್ರ?" ಎನ್ನುವಳು ಮಾಲತಿ.

"ರಾಜೀನಾಮೆ ಕೊಟ್ಟ. ಅಂಗಡಿ ಇಟ್ಟ."

"ಎಂತ ಅಂಗಡಿ?"

"ಅದನ್ನ ಸರಿಯಾಗಿ ತೋರ್ಸಿಲ್ಲ."

"ಹೀರೋಯಿನ್ ಒಪ್ಪಿದ್ಳಾ, ಕೆಲಸ ಬಿಟ್ಟವನನ್ನ?"

"ಯೋಚನೆ ಮಾಡ್ತಿದಾಳೆ ಅನ್ನೋ ಹಂಗೆ ಮುಗೀತದೆ."

ಮಾಲತಿ ಸೆರಗಿನ ತುದಿ ಬಾಯಿಗೆ ಹಿಡಿದು ನಗುವಳು. ಊರವರೆಲ್ಲ ಅವನನ್ನು ಯೋಗಣ್ಣ ಅನ್ನುತ್ತಿದ್ದರು, ಅವಳು ಮಾತ್ರ ಅಣ್ಣ ಸೇರಿಸುತ್ತಿರಲಿಲ್ಲ. ಅಷ್ಟರ ಮೇಲೇ ಯೋಗೇಂದ್ರ ಏಳು ಅಂತಸ್ತಿನ ಮನೆ ಕಟ್ಟಿ ಗೃಹಪ್ರವೇಶವನ್ನೂ ಮುಗಿಸಿದ್ದ. ಭಾನುವಾರದಿಂದ ಶುಕ್ರವಾರದವರೆಗೆ ಆ ಮನೆಯಲ್ಲಿ ಒಬ್ಬನೇ ಓಡಾಡುತ್ತಿದ್ದ.

ಒಂದು ಶನಿವಾರ ಅವಳು ಹಿಂದಿರುಗಿಸಿದ ಸಿನಿಮಾದಲ್ಲಿ ಅಣ್ಣನ ಜೊತೆ ಮಾತು ಬಿಟ್ಟ ಹೆಂಗಸೊಬ್ಬಳಿದ್ದಳು. ಇಂಟರ್‌ವಲ್ ಹೊತ್ತಿಗೆ ಅವಳು ಚೀಲ ಹಿಡಿದು ಬಸ್ ಸ್ಟ್ಯಾಂಡಿನಲ್ಲಿ ನಿಂತು ತವರೂರಿನ ಬೋರ್ಡು ನೋಡುತ್ತಿರುತ್ತಾಳೆ. ಮಾಲತಿ ಅಂದು ನಗಲಿಲ್ಲ.

"ಅವಳು ಹೋಗ್ತಾಳಾ?" ಅಂದಳು.

ಯೋಗೇಂದ್ರನಿಗೆ ಮಾಲತಿಯ ವಿಷಯ ಗೊತ್ತಿತ್ತು, ಊರಿಗೇ ಗೊತ್ತಿತ್ತು. ಗಂಡನ ಮನೆ ಬಿಟ್ಟು ಬಂದಾಗ ಮುತ್ತಿನಕೊಪ್ಪದ ಅಣ್ಣ ಚಂದ್ರಶೇಖರ ಅವಳನ್ನು ಅಂಗಳದಿಂದಲೇ ವಾಪಸ್ ಕಳಿಸಿದ್ದ. ಅವಳ ಮುಖ ನೋಡಿದ ಯೋಗೇಂದ್ರನಿಗೆ ಸುಮ್ಮನಿರಲಾಗಲಿಲ್ಲ. ಅವಳನ್ನು ನಗಿಸಿಯೇ ಬಸ್ ಹತ್ತಿಸಬೇಕು ಎಂದು ಹಟ ಬಂತು.

"ಹೋಗದೆ? ಅಣ್ಣ ಅಂಗಳದಲ್ಲಿ ನಿಂತಿರ್ತಾನೆ. ಇವಳನ್ನ ನೋಡಿದವನೇ ಕೈಲಿದ್ದ ಕೊಡಪಾನ ಬಿಟ್ಟುಬಿಡ್ತಾನೆ. ನೀರು ಹೊಳೆ ಹಂಗೆ ಹರೀತದೆ. ಹೆಂಡ್ತಿನ ಕೂಗಿ, ಇನ್ನೊಂದು ಎಲೆ ಹಾಕು ಅಂತಾನೆ. ಅಷ್ಟೇ, ಬೇರೆ ಮಾತೇ ಇಲ್ಲ. ನೋಡ್ತಾ ಕೂತವರ ಕಣ್ಣೀರಿಗೆ ಟಾಕೀಸಿನೊಳಗೆ ಮೊಣಕಾಲಿನವರೆಗೆ ನೀರು."

"ನಿಜವಾಗ್ಲೂ ಹಂಗೇ ಉಂಟಾ?"

"ನಾಲ್ಕು ಸಲ ನೋಡಿದೀನಿ ಟೀಚರೇ."

ಅವಳು ಹೊಸ ಸಿನಿಮಾ ಒಯ್ಯಲಿಲ್ಲ. ಮುಂದಿನ ಶನಿವಾರ ಬರಲೂ ಇಲ್ಲ. ಯೋಗೇಂದ್ರ ಕಿಗ್ಗದಿಂದ ಬಂದ ಬಸ್ಸುಗಳಿಂದ ಇಳಿದವರನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದ. "ಗಿರಾಕಿ ಕಾಯ್ತಿದೀಯೋ, ಹೆಣ್ಣು ನೋಡೋರನ್ನ ಕಾಯ್ತಿದೀಯೋ?" ಎಂದು ಬೂತಪ್ಪ ಕಿಚಾಯಿಸಿದರೆ, ಯಾವತ್ತೂ ಒಂದಕ್ಕೆ ಹತ್ತು ಹೇಳುವವನು ಒಳಗೆ ಹೋಗಿ ಕೂತ.

ಅದರ ಮುಂದಿನ ವಾರ ಬಂದಳು. ತರಕಾರಿ ಚೀಲ ಇರಲಿಲ್ಲ.

"ಮುತ್ತಿನಕೊಪ್ಪಕ್ಕೆ ಹೋಗಿದ್ದೆ" ಅಂದಳು. ಬೇರೆ ಯಾರದೋ ಸಿನಿಮಾದ ಕತೆ ಹೇಳುವ ಹಾಗೆ ಹೇಳಿದಳು. "ಅಣ್ಣ ಜಗಲೀಲೇ ಇದ್ದ. ಎಂತ ಬಂದಿದ್ದು ಅಂದ. ಸುಮ್ನೆ ಅಂದೆ. ಅತ್ತಿಗೆ ಕಾಫಿ ತಂದ್ರು. ನಾನು ಕುಡಿದು ಲೋಟ ಕೆಳಗಿಡೋವರೆಗೂ ಅಲ್ಲೇ ನಿಂತಿದ್ರು. ಆಮೇಲೆ ಅಣ್ಣ, ಐದು ಗಂಟೆ ಬಸ್ಸು ತಪ್ಪಿದ್ರೆ ಇನ್ನು ಬಸ್ಸಿಲ್ಲ ಅಂದ. ಅಷ್ಟೇ."

ಯೋಗೇಂದ್ರ ಮೇಜಿನ ಮೇಲಿದ್ದ ಸೀಡಿಗಳನ್ನು ಎತ್ತಿ ಮತ್ತೆ ಅಲ್ಲೇ ಜೋಡಿಸಿಟ್ಟ.

"ಆ ಸಿನಿಮಾದ ಎರಡನೇ ಸೀಡಿ ಕೊಡಿ."

"ಅದಕ್ಕೆ ಬೂಷ್ಟು..."

"ಎಷ್ಟು ಓಡ್ತದೋ ಅಷ್ಟು ನೋಡ್ತೀನಿ."

ಡ್ರಾಯರ್ ಎಳೆದ. ಅವಳ ಶನಿವಾರಗಳ ಎರಡನೇ ಸೀಡಿಗಳೆಲ್ಲ ಅಲ್ಲಿ ಸಾಲಾಗಿದ್ದವು, ತೇವ ತಾಗದಂತೆ ನಡುವೆ ನಡುವೆ ಪೇಪರ್ ಇಟ್ಟಿದ್ದ. ಊರಿನಲ್ಲಿ ಅಷ್ಟು ಜೋಪಾನದ ಸೀಡಿ ಇನ್ನೊಂದಿರಲಿಲ್ಲ. ಮಾಲತಿ ಅವನ ಕೈಯಿಂದ ಆ ಸಿನಿಮಾದ್ದನ್ನು ತಗೊಂಡು ಬೆಳಕಿಗೆ ಹಿಡಿದಳು. ಅದರಲ್ಲಿ ಅವಳ ಮುಖ ಕಾಣಿಸುವಷ್ಟು ಹೊಳಪಿತ್ತು. ಡ್ರಾಯರಿನ ಒಳಗೂ ಒಮ್ಮೆ ನೋಡಿದಳು. ಬಾಡಿಗೆ ಮೇಜಿನ ಮೇಲಿಟ್ಟು ಹೋದಳು. ಕಿಗ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟೂ ಹೊತ್ತು ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಅಂಗಡಿಗೆ ಬೆನ್ನು ಹಾಕಿ ಕೂತಿದ್ದಳು.

ಮುಂದಿನ ಶನಿವಾರ ಸೀಡಿ ತಂದುಕೊಟ್ಟದ್ದು ಕಿಗ್ಗದ ಬಸ್ಸಿನ ಕಂಡಕ್ಟರ್ ಹರಿಹರ. "ಟೀಚರ್ ಕೊಟ್ರು. ಬೇರೆ ಯಾವ್ದಾದ್ರೂ ಕೊಡ್ಬೇಕಂತೆ. ಎರಡೂ ಇರೋದು."

"ಇದು ಹೆಂಗಿತ್ತಂತೆ?"

"ಸರಿ ಓಡ್ತು ಅಂದ್ರು."

ಹರಿಹರ ಹೋದ ಮೇಲೆ ಯೋಗೇಂದ್ರ ಆ ಸೀಡಿ ಹಾಕಿ ಕೂತ. ಬಾಗಿಲು ತೆರೆದೇ ಇತ್ತು, ಗಿರಾಕಿಗಳು ಬಂದು ಕರೆದು ವಾಪಸ್ ಹೋದರು. ಆ ಹೆಂಗಸು ತವರಿಗೆ ಹೋಗುವುದೇ ಇಲ್ಲ. ಬಸ್ಸು ಬರುತ್ತದೆ, ಹೋಗುತ್ತದೆ. ಅವಳು ಚೀಲ ಹಿಡಿದು ತನ್ನ ಕೋಣೆಗೆ ನಡೆದು ಬರುತ್ತಾಳೆ. ಇರುವುದು ಒಬ್ಬಳೇ ಆದರೂ ಎರಡು ಲೋಟ ತೊಳೆಯುತ್ತಾಳೆ, ಒಂದನ್ನು ಮತ್ತೆ ಮಗುಚಿ ಇಡುತ್ತಾಳೆ. ಮುಗಿಯಿತು. ಪರದೆ ಕಪ್ಪಾಯಿತು, ಯೋಗೇಂದ್ರ ಏಳಲಿಲ್ಲ. ತಾನು ಕಟ್ಟಿದ್ದಕ್ಕಿಂತ ಇದು ಸಾವಿರ ಪಾಲು ಚೆನ್ನಾಗಿತ್ತು. ಅವಳು ಆ ಲೋಟ ಯಾಕೆ ಮಗುಚಿದಳು ಎನ್ನುವುದರ ಬಗ್ಗೆ ಅವನಲ್ಲಿ ಒಂದು ಅಭಿಪ್ರಾಯ ಹುಟ್ಟಿತು. ಅದನ್ನು ಬೂತಪ್ಪನ ಮುಂದೆ ಹೇಳುವ ಹಾಗಿರಲಿಲ್ಲ.

ಮರುವಾರ ಅವನೇ ಬೇರೊಂದು ಸಿನಿಮಾದ ಎರಡೂ ಸೀಡಿ ಹಿಡಿದು ಬಸ್ಸಿನ ಹತ್ತಿರ ಹೋದ. "ಹರಿಹರ, ಟೀಚರಿಗೆ ಒಂದು ಮಾತು ಹೇಳು. ಆ ಸಿನಿಮಾ ನಾನೂ ನೋಡಿದೆ ಅಂತ."

"ನೀನು ನೋಡದೆ ಇರೋದು ಯಾವ್ದು ಮಾರಾಯ?"

"ಇಲ್ಲ. ಈಗ ನೋಡಿದೆ ಅಂತ ಹೇಳು. ಮೊದಲನೇ ಸಲ ಅಂತ."

ಹರಿಹರ ಅವನ ಮುಖವನ್ನೊಮ್ಮೆ ನೋಡಿ, ಸೀಡಿಗಳನ್ನು ಟಿಕೆಟ್ ಚೀಲಕ್ಕೆ ಹಾಕಿಕೊಂಡ.

ಏಳು ದಿನ ಯೋಗೇಂದ್ರ ಯಾರಿಗೂ ಕತೆ ಹೇಳಲಿಲ್ಲ. ಕೇಳಿದವರಿಗೆ ಬೇರೆ ಸಿನಿಮಾ ಕೊಟ್ಟು ಕಳಿಸಿದ. ಶನಿವಾರ ಕಿಗ್ಗದ ಬಸ್ಸು ಬಂದು ನಿಲ್ಲುವ ಮೊದಲೇ ಬಾಗಿಲ ಹತ್ತಿರ ನಿಂತಿದ್ದ. ಇಳಿದವರಲ್ಲಿ ಅವಳಿರಲಿಲ್ಲ.

"ಹೇಳಿದ್ಯಾ?"

"ಹೇಳಿದೆ."

"ಎಂತ ಅಂದ್ರು?"

"ಎಂತದೂ ಅನ್ಲಿಲ್ಲ. ಕೇಳಿಸ್ಕೊಂಡ್ರು." ಹರಿಹರ ಸೀಡಿಗಳನ್ನು ಅವನ ಕೈಗಿಟ್ಟ. "ಬೇರೆ ಕೊಡು. ಬೇಗ, ಡ್ರೈವರ್ ಹಾರನ್ ಮಾಡ್ತಿದಾನೆ."

ಯೋಗೇಂದ್ರ ಒಳಗೆ ಹೋಗಿ ಒಂದು ಸಿನಿಮಾ ತೆಗೆದ. ಎರಡೂ ಸೀಡಿ ಬನಿಯನ್ ಬಟ್ಟೆಯಿಂದ ಒರೆಸಿ, ಕವರಿಗೆ ಹಾಕಿ ತಂದುಕೊಟ್ಟ.

"ಇದು ಹೆಂಗುಂಟು ಅಂತ ಕೇಳಿದ್ರೆ?" ಎಂದ ಹರಿಹರ, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು.

"ಕೇಳಲ್ಲ" ಅಂದ ಯೋಗೇಂದ್ರ. ಬಸ್ಸು ಹೊರಟ ಮೇಲೆ, "ನಾನಿನ್ನೂ ನೋಡಿಲ್ಲ ಅನ್ನು" ಎಂದು ಇನ್ನೂ ಒಂದು ಮಾತು ಸೇರಿಸಿದ. ಅದು ಹರಿಹರನಿಗೆ ಮುಟ್ಟಲಿಲ್ಲ.