ಪಕ್ಕದ ಮನೆಯವಳ ಮಾತ್ರೆ

“ಅರ್ಧ ತಿಳೀತು. ಇನ್ನರ್ಧ ಒಲೇಲಿ ಸುಟ್ಟೋಯ್ತು,” ಎಂದರು ಅತ್ತೆ ಫಾದ್ಮಾ, ಹಿಟ್ಟು ನಾದುವ ಕೈ ನಿಲ್ಲಿಸದೆ.

ಇಜ್ಜಾ ನಕ್ಕು, ಹಾಳೆಯಲ್ಲಿದ್ದ ಒಂದು ಸಾಲನ್ನು ಹೊಡೆದುಹಾಕಿದಳು. ಅತ್ತೆಯ ಮುಂದೆ ಸುಟ್ಟುಹೋದದ್ದು ಸಂಜೆ ಸೂಸ್ ಸೀಮೆಯ ಅಷ್ಟೂ ಅಡುಗೆಮನೆಗಳಲ್ಲಿ ಸುಟ್ಟುಹೋಗುತ್ತದೆಂಬುದು ಅವಳು ಎಂದೋ ಕಲಿತ ಪಾಠ. ತಾರೂದಾಂತ್ ಪಟ್ಟಣದ ರೇಡಿಯೋದಲ್ಲಿ ಅವಳದು ಆರೋಗ್ಯದ ಕಾರ್ಯಕ್ರಮ. ಹೊಸ ಲಸಿಕೆ, ಹೊಸ ಔಷಧಿ, ಯಾವುದೋ ದೇಶದ ವಿಜ್ಞಾನಿಗಳು ಹೊಸದಾಗಿ ಕಂಡುಕೊಂಡದ್ದು, ಎಲ್ಲವನ್ನೂ ಮನೆಮಾತಿನಲ್ಲಿ ಹೇಳಬೇಕು. ಹೇಳುವ ಮೊದಲು ಫಾದ್ಮಾ ಎಂಬ ಜರಡಿಯಲ್ಲಿ ಆಡಿಸಬೇಕು. ರಂಜಾನ್ ತಿಂಗಳಲ್ಲಿ ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ಹೆಂಗಸರೆಲ್ಲ ಉಪವಾಸ ಬಿಡುವ ಹೊತ್ತಿನ ಅಡುಗೆಗೆ ಕೂತಿರುತ್ತಾರೆ, ಕೈಗೆ ಕೆಲಸ, ಕಿವಿಗೆ ಬಿಡುವು.

“ಗ್ಲೂಕೋಸ್ ಮಟ್ಟದ ಕುಸಿತವಂತೆ! ಕುಸಿಯೋಕೆ ಅದೇನು ಹಳೇ ಕೋಟೆ ಗೋಡೆನಾ?” ಎಂದು ಫಾದ್ಮಾ ಕೆಣಕಿದರು.

“ರಕ್ತದಲ್ಲಿರೋ ಸಕ್ಕರೆ ಇದ್ದಕ್ಕಿದ್ದ ಹಾಗೆ ಇಳಿದುಹೋಗೋದು ಅತ್ತೆ. ಕೈ ನಡುಗುತ್ತೆ, ತಣ್ಣಗೆ ಬೆವರುತ್ತೆ, ಕಣ್ಣು ಮಂಜಾಗುತ್ತೆ. ಸಕ್ಕರೆ ಕಾಯಿಲೆ ಇರೋ ವಯಸ್ಸಾದವರು ಉಪವಾಸ ಮಾಡಿದರೆ ಸಾಯಂಕಾಲದ ಹೊತ್ತಿಗೆ ಹಿಂಗಾಗೋದು ಹೆಚ್ಚು ಅಂತ ಹೊಸ ಅಧ್ಯಯನ ಬಂದಿದೆ.”

ಫಾದ್ಮಾ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಎಳೆದರು. “ಈ ಸುದ್ದಿ ಬೇಡ. ಬೇರೆ ಓದು.”

ಇಜ್ಜಾ ಬೇರೆ ಓದಲಿಲ್ಲ. ನಿನ್ನೆ ಸಂಜೆ ಹರೀರಾ ಸಾರಿನ ಪಾತ್ರೆ ಅತ್ತೆಯ ಕೈಯಿಂದ ಜಾರಿತ್ತು. ಅವರ ಹಣೆ ಒದ್ದೆಯಾಗಿ, ತುಟಿ ಬಿಳಿಚಿಕೊಂಡು, ಗೋಡೆಗೆ ಒರಗಿ ಕೂತಿದ್ದರು. “ಒಂದು ಖರ್ಜೂರ ಬಾಯಿಗೆ ಹಾಕ್ಕೊಳಿ” ಎಂದರೆ ಹಲ್ಲು ಕಚ್ಚಿಕೊಂಡು ಮಸೀದಿಯ ಬಾಂಗಿಗೆ ಕಾದರು. ಡಾಕ್ಟರ ಹತ್ತಿರ ಹೋಗೋಣವೆಂದರೆ “ನನಗೆ ಸಕ್ಕರೆ ಬಂದಿದ್ದು ನಿನ್ನೆ ಮೊನ್ನೆ, ಉಪವಾಸ ಹಿಡಿದಿದ್ದು ಹುಡುಗಿಯಾಗಿದ್ದಾಗಿಂದ” ಎನ್ನುತ್ತಾರೆ. ಮಗ ಬಿಹಿ ಅಂಗಡಿ ಮುಚ್ಚಿ ಬಂದು ಕಾಲು ಹಿಡಿದದ್ದೂ ಆಯಿತು. ಹಗಲು ತಿಂದದ್ದು ಓಣಿಗೆ ಗೊತ್ತಾದರೆ ಊರವರೆಲ್ಲ ಸ್ನಾನಕ್ಕೆ ಸೇರುವ ಹಮಾಮಿನಲ್ಲಿ ಯಾರ ಮುಖ ನೋಡುವುದು ಎಂಬುದೊಂದೇ ಅವರ ಮಾತು. ಒಂದು ದಿನ ಈ ಹೆಂಗಸು ಒಲೆಯ ಮುಂದೆಯೇ ಬಿದ್ದುಬಿಡುತ್ತಾರೆ ಎಂದು ಇಜ್ಜಾಳಿಗೆ ದಿಗಿಲು. ಸೀಮೆಗೆಲ್ಲ ಬುದ್ಧಿ ಹೇಳುವವಳ ಮಾತು ಮನೆಯಲ್ಲಿ ನಡೆಯದು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರೆಯೇ?

ಸ್ಟುಡಿಯೋದಲ್ಲಿ ಡಾಕ್ಟರ್ ಸ್ಕಲ್ಲಿ ಮೊದಲೇ ಬಂದು ಕೂತಿದ್ದರು. ಫೆಸ್ ಪಟ್ಟಣದವರು, ಒಳ್ಳೆಯ ಮನುಷ್ಯ, ನಗುಮುಖ. ಮಾತು ಮಾತ್ರ ದಪ್ಪ ಪುಸ್ತಕದಿಂದ ಎದ್ದು ಬಂದಂತೆ. ಅವರು ಒಂದು ಮಾತು ಹೇಳುವುದು, ಇಜ್ಜಾ ಅದನ್ನು ಬಿಡಿಸುವುದು, ಹೀಗೆ ಅವರಿಬ್ಬರ ಜೋಡಿ ಚೆನ್ನಾಗಿಯೇ ನಡೆದಿತ್ತು. ರಕ್ತದ ಸಕ್ಕರೆಯನ್ನು ಅವಳು ದೀಪದ ಎಣ್ಣೆ ಮಾಡಿದಳು. ಹೆಚ್ಚಾದರೆ ಹೊಗೆ, ಮುಗಿದರೆ ಕತ್ತಲೆ. ಡಾಕ್ಟರು ಖುಷಿಯಾಗಿ ತಲೆಯಾಡಿಸಿದರು.

ಗಾಜಿನಾಚೆ ಕೂತು ಕರೆಗಳನ್ನು ನೋಡಿಕೊಳ್ಳುತ್ತಿದ್ದ ಜಾಮಾ ಫೋನಿನ ಕರೆಯೊಂದನ್ನು ಒಳಗೆ ಬಿಟ್ಟ.

“ನಾನು ಮಾಮಾಸ್ ಅಂತ, ಔಲಾದ್ ತೈಮಾದಿಂದ,” ಎಂದಿತು ಒಂದು ದನಿ. ಬಾಯಿಗೆ ಬಟ್ಟೆ ಅಡ್ಡ ಹಿಡಿದು ಮಾತಾಡಿದಂತಿತ್ತು. “ಮಗಳೇ, ಡಾಕ್ಟರು ಹೇಳಿದ್ದು ಅರ್ಧ ತಿಳೀತು. ಇನ್ನರ್ಧ ಒಲೇಲಿ ಸುಟ್ಟೋಯ್ತು.”

ಇಜ್ಜಾಳ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಉರುಳಿತು. ನಾಲಿಗೆಯ ತುದಿಗೆ ಬಂದಿದ್ದ ‘ಅತ್ತೆ’ಯನ್ನು ಅವಳು ನುಂಗಿಕೊಂಡಳು. ಒಂದು ಮಾತು ಹೆಚ್ಚುಕಮ್ಮಿಯಾದರೆ ಫೋನು ಕೆಳಗಿಳಿಯುತ್ತದೆ, ಆಮೇಲೆ ಈ ಜನ್ಮದಲ್ಲಿ ಈ ಹೆಂಗಸು ಯಾರನ್ನೂ ಏನೂ ಕೇಳುವುದಿಲ್ಲ. ಮಾತಾಡು ಎಂದು ಜಾಮಾ ಆಚೆಯಿಂದ ಕೈ ತಿರುಗಿಸುತ್ತಿದ್ದ.

“ಹೇಳಿ ಮಾಮಾಸಮ್ಮ. ಏನು ಕೇಳಬೇಕಿತ್ತು?”

“ನನಗಲ್ಲ ತಾಯಿ. ನಮ್ಮ ಪಕ್ಕದ ಮನೆಯವಳಿಗೆ.”

“ಹೂಂ, ಪಕ್ಕದ ಮನೆಯವರಿಗೆ.”

“ಅವಳಿಗೆ ದಿನಕ್ಕೆ ಮೂರು ಮಾತ್ರೆ. ಹಗಲು ನುಂಗೋ ಹಾಗಿಲ್ವಲ್ಲ, ಅದಕ್ಕೆ ಮೂರನ್ನೂ ರಾತ್ರಿಗೇ ತಂದ್ಕೊಂಡಿದಾಳೆ. ಹರೀರಾ ಕುಡಿದ ಮೇಲೊಂದು, ಊಟಕ್ಕೊಂದು, ಬೆಳಗಿನ ಜಾವಕ್ಕೊಂದು. ಒಂದೂ ತಪ್ಪಿಸಿಲ್ಲ, ಪಾಪ, ಅಚ್ಚುಕಟ್ಟು ಹೆಂಗಸು.”

ಡಾಕ್ಟರ್ ಸ್ಕಲ್ಲಿ ಕುರ್ಚಿಯಲ್ಲಿ ನೆಟ್ಟಗಾದರು. “ಬೇಡಮ್ಮ, ಅದು ಅಪಾಯ!” ಎಂದವರು ಮುಂದೆ ಉದ್ದುದ್ದ ಮಾತಿಗೆ ಇಳಿಯುವಷ್ಟರಲ್ಲಿ ಇಜ್ಜಾ ಮೆಲ್ಲಗೆ ಅವರ ತೋಳು ಮುಟ್ಟಿದಳು.

“ಮಾಮಾಸಮ್ಮ, ಒಂದಿಡೀ ದಿನ ಹೊರಬೇಕಾದ ಮೂಟೆನೆಲ್ಲ ಒಂದೇ ಸಲ ಹೇರಿದರೆ ಕತ್ತೆ ಏನು ಮಾಡುತ್ತೆ?”

“ಮಂಡಿ ಊರುತ್ತೆ.”

“ರಾತ್ರಿ ಅಷ್ಟೂ ಮಾತ್ರೆ ಒಳಗೆ ಹೋದರೆ, ಹಗಲು ಹೊಟ್ಟೆ ಖಾಲಿ ಇರೋವಾಗ ಅದು ಇರೋಬರೋ ಸಕ್ಕರೆನೂ ಎಳಕೊಂಡು ಹೋಗುತ್ತೆ. ಆಗ ಮನುಷ್ಯರೂ ಮಂಡಿ ಊರೋದೇ. ಯಾವ ಮಾತ್ರೆ, ಯಾವ ಹೊತ್ತಿಗೆ, ಎಷ್ಟು ಅನ್ನೋದನ್ನ ಡಾಕ್ಟರೇ ಹೇಳಬೇಕು. ನಾವಾಗಿ ಜಾಗ ಬದಲಾಯಿಸೋ ಹಾಗಿಲ್ಲ. ಬೆರಳಿಗೆ ಸೂಜಿ ಚುಚ್ಚಿ ನೋಡ್ಕೊಂಡಿದಾರಾ ಅವರು?”

“ಎಲ್ಲಾದ್ರೂ ಉಂಟಾ? ರಕ್ತ ಬಂದ್ರೆ ಉಪವಾಸ ಮುರಿದ ಹಾಗಲ್ವಾ?”

“ಅಷ್ಟಕ್ಕೆಲ್ಲ ಮುರಿಯೋದಿಲ್ಲ ತಾಯಿ,” ಎಂದರು ಡಾಕ್ಟರು. ಈ ಸಲ ಅವರ ಮಾತು ತೆಳ್ಳಗಿತ್ತು. “ನಮ್ಮ ಅಮ್ಮನೂ ಹಾಗೇ ಅಂತಿದ್ದರು. ಇಮಾಮರ ಹತ್ತಿರ ಕರಕೊಂಡು ಹೋಗಿ ಕೇಳಿಸಿದ ಮೇಲೆ ಬೆರಳು ಕೊಟ್ಟರು.”

ಫೋನಿನಾಚೆ ಪಾತ್ರೆಯ ಮುಚ್ಚಳ ಸದ್ದು ಮಾಡಿತು.

“ಉಪವಾಸನೇ ಬೇಡ ಅಂದ್ಬಿಟ್ರೆ? ಎಲ್ಲರೂ ಹಿಡಿದಿರೋವಾಗ ಇವಳೊಬ್ಬಳು ತಿಂತಾಳೆ ಅಂತ ಜನ ಆಡ್ಕೊಳಲ್ವಾ?”

“ಕಾಯಿಲೆಯವರಿಗೆ ಬಾಗಿಲು ತೆಗೆದಿಟ್ಟೋನು ದೇವರು ಮಾಮಾಸಮ್ಮ, ಓಣಿಯವರಲ್ಲ. ವಾಸಿಯಾಗದ ಕಾಯಿಲೆ ಇರೋರು ಬಿಟ್ಟ ಒಂದೊಂದು ಉಪವಾಸಕ್ಕೆ ಹಸಿದವರೊಬ್ಬರಿಗೆ ಊಟ ಕೊಟ್ಟರೆ ಆಯಿತು ಅಂತ ಹಿರಿಯರು ಹೇಳಿಲ್ವಾ? ನಿಮ್ಮ ಪಕ್ಕದ ಮನೆಯವರ ಕೈಯಡುಗೆ ಹೇಗಿರುತ್ತೆ?”

“ಅವಳ ಹರೀರಾಕ್ಕೆ ಈ ಊರಲ್ಲಿ ಸಾಟಿ ಇಲ್ಲ.”

“ಹಂಗಾದರೆ ಉಣ್ಣೋರು ಪುಣ್ಯವಂತರು.” ಇಜ್ಜಾ ಕೇಳಬಾರದೆಂದುಕೊಂಡದ್ದನ್ನು ಕೇಳಿಯೇಬಿಟ್ಟಳು. “ಅವರ ಮನೇಲಿ ಸೊಸೆ ಇದಾಳಾ?”

“ಇದಾಳೆ. ಬಾಯಿ ಜಾಸ್ತಿ. ರೊಟ್ಟಿ ಮಾಡಿದ್ರೆ ಕಲ್ಲು.”

ಡಾಕ್ಟರು ನಗು ತಡೆಯಲಾಗದೆ ಮುಖ ತಿರುಗಿಸಿದರು.

“ಆ ಸೊಸೆಗೆ ಅತ್ತೆ ಬೇಕಂತೆ, ಇನ್ನೂ ಬಹಳ ವರ್ಷ ಬೇಕಂತೆ ಅಂತ ನಾನು ಹೇಳಿದೆ ಅಂತ ಹೇಳಿ ಅವರಿಗೆ. ರೊಟ್ಟಿ ಕಲಿಸೋಕಾದ್ರೂ ಬೇಕು.”

“ಹೇಳ್ತೀನಿ,” ಎಂದಿತು ದನಿ. ಬಾಯಿಗಿದ್ದ ಬಟ್ಟೆ ಸರಿದಿತ್ತೋ ಏನೋ, ಈಗ ಅದು ಚೆನ್ನಾಗಿ ಗುರುತು ಸಿಗುವಂತಿತ್ತು. ಫೋನು ಇಟ್ಟ ಸದ್ದಾಯಿತು.

ಆ ಸಂಜೆ ಮನೆಯಲ್ಲಿ ಖರ್ಜೂರ ಹಂಚುತ್ತ ಫಾದ್ಮಾ, “ಔಲಾದ್ ತೈಮಾದವಳು ಯಾವಳೋ ಮಾತಾಡಿದ್ಲಲ್ಲ ಇವತ್ತು, ಬಲೇ ಘಾಟಿ,” ಎಂದರು. “ಹೌದತ್ತೆ, ಘಾಟಿನೇ,” ಎಂದಳು ಇಜ್ಜಾ. ಅಮ್ಮನ ಮುಖ, ಹೆಂಡತಿಯ ಮುಖ ನೋಡಿ ಏನೂ ಅರ್ಥವಾಗದೆ ಬಿಹಿ ಸಾರು ಸುರಿದುಕೊಂಡ.

ಬೆಳಗಾಗುತ್ತಲೇ ಫಾದ್ಮಾ, ಪಕ್ಕದ ಮನೆಯ ತಲೈತ್ಮಾಸಳಿಗೆ ಮೈ ಸರಿಯಿಲ್ಲವೆಂದೂ ಅವಳಿಗೆ ಜೊತೆಯಾಗಿ ಆಸ್ಪತ್ರೆಗೆ ಹೋಗಿಬರುವುದಾಗಿಯೂ ಹೇಳಿ ಹೊರಟರು. ಅವರು ಓಣಿಯ ತಿರುವು ದಾಟುವಾಗ ತಲೈತ್ಮಾಸ್ ಮಾಳಿಗೆಯ ಮೇಲೆ ಕಲ್ಲುಗುಂಡಿನ ಹಾಗೆ ನಿಂತು ಕಂಬಳಿ ಒದರುತ್ತಿದ್ದಳು. ಇಜ್ಜಾ ಅವಳನ್ನು ನೋಡಿಯೂ ನೋಡದಂತೆ ಒಳಗೆ ಬಂದಳು. ಇಷ್ಟು ಹಗುರವಾಗಿ ಅವಳು ಅಂಗಳ ಗುಡಿಸಿ ಎಷ್ಟೋ ದಿನವಾಗಿತ್ತು.

ಮಾರನೆಯ ಮಧ್ಯಾಹ್ನ ಹಾಳೆ ಹಿಡಿದು ಅಡುಗೆಮನೆಗೆ ಬಂದರೆ ಬಾಗಿಲ ಪರದೆ ಇಳಿಬಿದ್ದಿತ್ತು. ಅವಳು ಆಚೆಯೇ ನಿಂತು ಕೆಮ್ಮಿದಳು. ಒಳಗೆ ಲೋಟ ಇಟ್ಟ ಸದ್ದು. “ಬಾ,” ಎಂದರು ಫಾದ್ಮಾ. ಮಡಿಲಿನಲ್ಲಿ ರೊಟ್ಟಿಯ ಪುಡಿ ಚೆಲ್ಲಿತ್ತು. ಇಜ್ಜಾ ಕಣ್ಣನ್ನು ಹಾಳೆಯಿಂದ ಮೇಲೆತ್ತದೆ ಸುದ್ದಿ ಓದಿದಳು. ಫಾದ್ಮಾ ಹಿಟ್ಟಿಗೆ ಕೈ ಹಾಕಿದರು. ಕೈ ನಡುಗುತ್ತಿರಲಿಲ್ಲ.

ಸೂರ್ಯ ಕೋಟೆಗೋಡೆಯ ಅಂಚಿಗೆ ಇಳಿದಾಗ ಇಜ್ಜಾ ಮನೆಯವರ ಬಟ್ಟಲುಗಳನ್ನು ಸಾಲಾಗಿ ಇಟ್ಟಳು. ಫಾದ್ಮಾ ಬಂದು ಕಪಾಟಿನಿಂದ ಇನ್ನೊಂದನ್ನು ತೆಗೆದರು. ಹಬ್ಬಕ್ಕೆ ಮಾತ್ರ ಇಳಿಯುವ ನೀಲಿ ಹೂವಿನ ಬಟ್ಟಲು. ಎಲ್ಲರಿಗಿಂತ ಮೊದಲು ಅದಕ್ಕೇ ಹರೀರಾ ತುಂಬಿ, ಮೇಲೆ ರೊಟ್ಟಿ ಮುಚ್ಚಿ, ಬಿಳಿ ಬಟ್ಟೆ ಹೊದಿಸಿದರು.

“ನಾನು ತಗೊಂಡು ಹೋಗ್ಲಾ ಅತ್ತೆ?”

“ಬೇಡ. ಇದು ನಂದು.”

ಹಮಾಮಿನ ಒಲೆಗೆ ಸೌದೆ ಹಾಕುವ ಬಡ ಒಂಟಿ ಮುದುಕನ ಮನೆ ಓಣಿಯ ಕೊನೆಯಲ್ಲಿತ್ತು. ಫಾದ್ಮಾ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಮಾಳಿಗೆಗಳ ಮೇಲಿನ ಹೆಂಗಸರೆಲ್ಲ ನೋಡುವಂತೆ ಓಣಿಯ ನಟ್ಟನಡುವೆ ನಡೆದರು. ಬಟ್ಟೆಯ ಸಂದಿಯಿಂದ ಹಬೆ ಏಳುತ್ತಿತ್ತು, ಒಂದು ಹನಿಯೂ ತುಳುಕಲಿಲ್ಲ.